ಅರ್ಧ ಅಚ್ಚಿನ ಆನೆ

(ಸಂಘದ ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿದ್ದ ವಿಷಯ 'ತಂತ್ರಜ್ಞಾನ ಮತ್ತು ಮಹಿಳೆ'. ಎಂ.ಟೆಕ್ ಮಾಡಿಕೊಂಡಿದ್ದಾಳೆ, ಐಟಿಯಲ್ಲಿದ್ದಾಳೆ, ಇದನ್ನು ಬಿಟ್ಟು ಇನ್ನೇನು ಮಾತಾಡುತ್ತಾಳೆ ಎಂದು ಕಾರ್ಯದರ್ಶಿಯವರು ತಿಳಿದುಕೊಂಡಿರಬೇಕು. ನಾನು ಅವರ ಅಪ್ಪಣೆ ಕೇಳಿ ವಿಷಯ ಬದಲಾಯಿಸಿಕೊಂಡಿದ್ದೇನೆ. ಇವತ್ತು ಮಾತಾಡುವುದು ಪ್ಲಾಸ್ಟರಿನ ಬಗ್ಗೆ. ಗೋಡೆಗೆ ಬಳಿಯುವ ಪ್ಲಾಸ್ಟರ್ ಅಲ್ಲ, ಕೈಕಾಲು ಮುರಿದಾಗ ಹಾಕುವುದೂ ಅಲ್ಲ. ಎರಡೂವರೆ ಸಾವಿರ ವರ್ಷ ಹಳೆಯ ಗ್ರೀಕ್ ಉಬ್ಬುಶಿಲ್ಪಗಳಿಂದ ತೆಗೆದ ಪ್ಲಾಸ್ಟರ್ ಪಡಿಯಚ್ಚುಗಳ ಬಗ್ಗೆ. ಗಾಬರಿಯಾಗಬೇಡಿ. ನಾನು ನಮ್ಮ ಅತ್ತೆಯ ಸಕ್ಕರೆ ಗೊಂಬೆಯಿಂದ ಶುರು ಮಾಡಿ ಅಲ್ಲಿಗೆ ಹೋಗಿ, ಅಂಬರನಾಥಕ್ಕೆ ವಾಪಸು ಬರುತ್ತೇನೆ.

ನಮ್ಮ ಅತ್ತೆ ಧಾರವಾಡದ ಕಡೆಯವರು. 1970ರ ದಶಕದಲ್ಲಿ ಮದುವೆಯಾಗಿ ಡೊಂಬಿವಲಿಯ ಚಾಳಿಗೆ ಬಂದಾಗ ತವರಿನಿಂದ ತಂದ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಕಟ್ಟಿಗೆಯ ಅಚ್ಚುಗಳಿದ್ದವಂತೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಅಚ್ಚು. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮೈಸೂರು ಕಡೆಯವರು ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಸಿಕೊಳ್ಳಿ. ಕರಾವಳಿಯವರಿಗಾಗಿ ಎರಡು ಮಾತು: ಎರಡು ಹೋಳಿನ ಕಟ್ಟಿಗೆ ಅಚ್ಚನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿದು, ಬಿಸಿ ಸಕ್ಕರೆ ಪಾಕ ಸುರಿಯುತ್ತಾರೆ. ಆರಿದ ಮೇಲೆ ದಾರ ಬಿಚ್ಚಿದರೆ ಆನೆ, ನವಿಲು, ತೇರು, ಕಳಸ. ಎರಡು ಹೋಳು ಸೇರಿದ ಕಡೆ ಬೆನ್ನುದ್ದಕ್ಕೂ ಒಂದು ಸಣ್ಣ ಗೆರೆ ಉಳಿದಿರುತ್ತದೆ. ಆ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಮನೆಯವರು ದಿವಾಕ್ಕೆ ಬಂದು ನೆಲಮಹಡಿಯಲ್ಲಿ ಮನೆ ಮಾಡಿದರು. 2005ರ ಜುಲೈ 26 ಬಂತು. ಆ ದಿನ ಈ ಭಾಗದಲ್ಲಿದ್ದವರಿಗೆ ನಾನು ವರ್ಣನೆ ಕೊಡುವ ಅಗತ್ಯವಿಲ್ಲ. ನೀರಿಳಿದ ಮೇಲೆ ಟ್ರಂಕು ಸಿಕ್ಕಿತು, ಅದರ ಮುಚ್ಚಳ ತೆರೆದುಕೊಂಡಿತ್ತು. ಅಚ್ಚುಗಳಲ್ಲಿ ಉಳಿದದ್ದು ಒಂದೇ, ಅದೂ ಅರ್ಧ. ಆನೆಯ ಒಂದು ಮಗ್ಗುಲು.

ನಾನು ಸೊಸೆಯಾಗಿ ಬಂದ ವರ್ಷ ಅತ್ತೆ ಆ ಅರ್ಧ ಅಚ್ಚನ್ನು ನೆನೆಸಿಟ್ಟದ್ದು ನೋಡಿ, ಇದರಲ್ಲೇನಾಗುತ್ತದೆ ಎಂದು ಕೇಳಿದೆ. ಅವರು ಅದನ್ನು ಅಂಗಾತ ಇಟ್ಟು ಪಾಕ ತುಂಬಿದರು. ತಿರುವಿ ಹಾಕಿದಾಗ ತಟ್ಟೆಯ ಮೇಲೆ ಬೆನ್ನು ಚಪ್ಪಟೆಯಾದ, ಒಂದೇ ಮಗ್ಗುಲಿನ ಆನೆ ಮಲಗಿತ್ತು. ಕಣ್ಣು ಒಂದು, ದಂತ ಒಂದು, ಆದರೂ ಆನೆಯೇ. "ಗೌರಿಗೆ ಒಂದ ಮಗ್ಗಲಾ ಕಂಡ್ರ ಸಾಕವಾ, ಆಕಿ ಏನ್ ಹಿಂದ ಹೋಗಿ ನೋಡ್ತಾಳ?" ಎಂದರು.

ನಮಗೆ ತಿಳಿಯದೆಯೇ ನಾವು ಮನೆಯಲ್ಲಿ ಉಬ್ಬುಶಿಲ್ಪ ಮಾಡಿದ್ದೆವು. ಸುತ್ತ ತಿರುಗಿ ನೋಡುವಂಥದ್ದು ಮೂರ್ತಿ. ಹಿಂಬದಿ ಕಲ್ಲಿಗೇ ಅಂಟಿಕೊಂಡು ಮುಂದಕ್ಕೆ ಮಾತ್ರ ಉಬ್ಬಿದ್ದು ಉಬ್ಬುಶಿಲ್ಪ. ನಮ್ಮೂರ ವೀರಗಲ್ಲು, ಮಾಸ್ತಿಗಲ್ಲು, ಹಳೇಬೀಡಿನ ಗೋಡೆಯ ಆನೆಸಾಲು, ಎಲ್ಲ ಇದೇ ಜಾತಿ.

ಈಗ ಗ್ರೀಕರ ಕಡೆಗೆ. ಕಂಪನಿಯ ಕೆಲಸಕ್ಕೆಂದು ನನ್ನನ್ನು ಒಮ್ಮೆ ಮೂರು ತಿಂಗಳು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳಿಸಿದ್ದರು. ಒಂದು ಶನಿವಾರ ಮಳೆ. ನಮ್ಮ ಮಳೆಯಲ್ಲ, ಅಲ್ಲಿನ ಜಿಟಿಜಿಟಿ, ಛತ್ರಿ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಶೀತ. ಸಿಜ್‌ವಿಕ್ ಅವೆನ್ಯೂ ಎಂಬ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಒಂದು ಕಟ್ಟಡ, ಪ್ರವೇಶ ಉಚಿತ ಎಂಬ ಫಲಕ. ಒಳಗೆ ಹೋದೆ. ಅದು ಪ್ರಾಚೀನ ಗ್ರೀಕ್ ರೋಮನ್ ಪುರಾತತ್ವದ ಸಂಗ್ರಹಾಲಯ. 1884ರಲ್ಲಿ ಶುರುವಾದದ್ದು. ದೊಡ್ಡ ಹಜಾರದ ತುಂಬ ಬಿಳಿ ಬಿಳಿ ದೇವತೆಗಳು, ಓಟಗಾರರು, ಕುದುರೆಗಳು, ಗೋಡೆಗೆ ಉಬ್ಬುಶಿಲ್ಪಗಳ ಸಾಲು. ನಾನೂರಕ್ಕೂ ಹೆಚ್ಚು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ, ಇಷ್ಟೊಂದು ಪ್ರಾಚೀನ ವಸ್ತುಗಳನ್ನು ಗಾಜೂ ಇಲ್ಲದೆ ಇಟ್ಟಿದ್ದಾರಲ್ಲ ಎಂದುಕೊಂಡೆ. ಆಮೇಲೆ ಚೀಟಿ ಓದಿದರೆ, ಪ್ಲಾಸ್ಟರ್. ಇನ್ನೊಂದು ಓದಿದೆ, ಪ್ಲಾಸ್ಟರ್. ಅಲ್ಲಿದ್ದ ಮೂರ್ತಿಗಳೆಲ್ಲ ಪಡಿಯಚ್ಚು. ಮೂಲ ಅಥೆನ್ಸ್‌ನಲ್ಲಿ, ರೋಮ್‌ನಲ್ಲಿ, ಪ್ಯಾರಿಸ್‌ನಲ್ಲಿ, ಲಂಡನ್ನಿನಲ್ಲಿ.

ನನಗೆ ಮೋಸಹೋದ ಹಾಗಾಯಿತು. ಉಲ್ಲಾಸನಗರಕ್ಕೆ ಹತ್ತಿರ ಇರುವವರು ನಾವು, ಡೂಪ್ಲಿಕೇಟ್ ಎಂದರೆ ನಮಗೆ ಗೊತ್ತು. ಬ್ರಾಂಡಿನ ಹೆಸರಿನಲ್ಲಿ ಒಂದಕ್ಷರ ಆಚೀಚೆ. ಅದಕ್ಕಾಗಿ ಇಷ್ಟು ದೊಡ್ಡ ವಿಶ್ವವಿದ್ಯಾಲಯ ಕಟ್ಟಡ ಕಟ್ಟಿಸಿಕೊಂಡು ಕೂತಿದೆಯೇ? ಹೊರಗೆ ಮಳೆ ನಿಂತಿರಲಿಲ್ಲವಾದ್ದರಿಂದ ಸುಮ್ಮನೆ ಸುತ್ತಿದೆ. ಹತ್ತಿರದಿಂದ ನೋಡುವಾಗ ಒಂದು ಕುದುರೆ ಸವಾರನ ತೊಡೆಯ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಅಚ್ಚಿನ ಎರಡು ಹೋಳು ಸೇರಿದ ಗೆರೆ. ಅತ್ತೆಯ ಸಕ್ಕರೆ ಆನೆಯ ಬೆನ್ನ ಮೇಲಿನದೇ. ಪರದೇಶದಲ್ಲಿ ನಮ್ಮವರ ಮುಖ ಕಂಡ ಹಾಗಾಯಿತು ನೋಡಿ. ಅಲ್ಲಿಂದ ನನಗೆ ಈ ಹುಚ್ಚು ಹತ್ತಿತು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಜಿಪ್ಸಮ್ ಎಂಬ ಮೆತ್ತನೆ ಕಲ್ಲನ್ನು 150 ಡಿಗ್ರಿಯ ಆಸುಪಾಸು ಕಾಯಿಸಿ, ಅದರೊಳಗಿನ ನೀರಿನಂಶದ ಬಹುಪಾಲು ಹಾರಿಸಿ ಮಾಡಿದ ಪುಡಿ. ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡದಲ್ಲಿ ಆ ಕಲ್ಲು ಧಾರಾಳವಾಗಿ ಸಿಗುತ್ತಿದ್ದುದರಿಂದ ಆ ಹೆಸರು. ಪುಡಿಗೆ ಮತ್ತೆ ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ವಾಪಸು ಹೀರಿಕೊಂಡು ಬಿಸಿಯಾಗಿ ಕಲ್ಲಾಗುತ್ತದೆ. ಕಲ್ಲಾಗುವಾಗ ಕುಗ್ಗುವುದಿಲ್ಲ, ಕೂದಲಷ್ಟು ಹಿಗ್ಗುತ್ತದೆ. ಅದೇ ಅದರ ಗುಣ. ಹಿಗ್ಗಿ ಅಚ್ಚಿನ ಮೂಲೆಮೂಲೆಗೆ ಹೋಗಿ ಕೂರುತ್ತದೆ, ಬೆರಳಿನ ಗೆರೆಯನ್ನೂ ಬಿಡುವುದಿಲ್ಲ. ದಿವಾ–ರೋಹಾ ಗಾಡಿ ಹಿಡಿದು ಪೆಣ್‌ಗೆ ಹೋಗಿ ಗಣಪತಿ ಕಾರ್ಖಾನೆ ನೋಡಿದವರಿಗೆ ಇದು ಗೊತ್ತು. ಅಲ್ಲೀಗ ರಬ್ಬರಿನ ಅಚ್ಚು, ಸೊಂಡಿಲಿನ ಸುರುಳಿಯಿಂದ ಸಲೀಸಾಗಿ ಕಳಚಿ ಬರುತ್ತದೆ. ಪಿಓಪಿ ಗಣಪತಿ ವಿಸರ್ಜನೆಯ ವಾದವಿವಾದ ಬೇರೆ, ಅದಕ್ಕೆ ನಾನೀಗ ಕೈ ಹಾಕುವುದಿಲ್ಲ.

ರಬ್ಬರು ಇಲ್ಲದ ಕಾಲದಲ್ಲಿ ಅಚ್ಚೂ ಪ್ಲಾಸ್ಟರಿನದೇ. ಬಟ್ಟೆಯ ನೆರಿಗೆ, ಕಿವಿಯ ಹಿಂಬದಿ, ಕುದುರೆಯ ಕಡಿವಾಣದ ಸಂದಿ, ಇಂಥಲ್ಲೆಲ್ಲ ಗಟ್ಟಿ ಅಚ್ಚು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಒಂದು ಮುಖಕ್ಕೆ ಹತ್ತಿಪ್ಪತ್ತು ಸಣ್ಣ ಸಣ್ಣ ತುಂಡು ಮಾಡಿ, ಅವನ್ನೆಲ್ಲ ಹಿಡಿದಿಡಲು ಮೇಲೊಂದು ದೊಡ್ಡ ಕವಚ ಮಾಡುತ್ತಿದ್ದರು. ಕಲ್ಲಿಗೆ ಅಂಟದಿರಲಿ ಎಂದು ಮೊದಲು ಸಾಬೂನೋ ಎಣ್ಣೆಯೋ ಬಳಿಯುತ್ತಿದ್ದರು. ಇಲ್ಲೇ ಒಂದು ಅನಾಹುತವೂ ಆಯಿತು. ಗ್ರೀಕರ ಶಿಲ್ಪಗಳು ಬಿಳಿಯಾಗಿರಲಿಲ್ಲ, ನಮ್ಮ ತಮಿಳುನಾಡಿನ ಗೋಪುರಗಳ ಹಾಗೆ ಬಣ್ಣ ಬಳಿದವು. ಅಳಿದುಳಿದ ಬಣ್ಣ ಈ ಸಾಬೂನು ಪ್ಲಾಸ್ಟರಿನ ಕೆಲಸದಲ್ಲಿ ಮತ್ತಷ್ಟು ಹೋಯಿತು. ಬಿಳಿ ಪಡಿಯಚ್ಚು ನೋಡಿ ನೋಡಿ ಜಗತ್ತು ಗ್ರೀಕ್ ಕಲೆ ಎಂದರೆ ಬಿಳಿ ಎಂದೇ ನಂಬಿತು. ಕೇಂಬ್ರಿಜ್‌ನವರು 1975ರಲ್ಲಿ ಒಬ್ಬ ಹುಡುಗಿಯ ಪಡಿಯಚ್ಚಿಗೆ ಕೆಂಪು, ಹಸಿರು, ನೀಲಿ ಬಳಿದು ನಿಲ್ಲಿಸಿದ್ದಾರೆ. ಆ ಬಿಳಿಯ ಗುಂಪಿನಲ್ಲಿ ಅವಳೊಬ್ಬಳೇ ಹಬ್ಬಕ್ಕೆ ಸೀರೆ ಉಟ್ಟು ಬಂದವಳ ಹಾಗೆ ಕಾಣುತ್ತಾಳೆ.

ಗ್ರೀಕ್ ಉಬ್ಬುಶಿಲ್ಪಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಅಥೆನ್ಸ್‌ನ ಪಾರ್ಥೆನಾನ್ ಗುಡಿಯ ಸುತ್ತಲಿನ ಪಟ್ಟಿಕೆ. ಉದ್ದ 160 ಮೀಟರು, ಎತ್ತರ ಒಂದು ಮೀಟರು, ಉಬ್ಬು ಎರಡು ಅಂಗುಲಕ್ಕೆ ತುಸು ಹೆಚ್ಚು, ಅಷ್ಟೇ. ಆ ಎರಡಂಗುಲದಲ್ಲಿ ಒಂದರ ಪಕ್ಕ ಒಂದು ಓಡುವ ಕುದುರೆಗಳ ಸಾಲನ್ನು ಕೂರಿಸಿದ್ದಾರೆ. ಅದು ಅವರ ಊರದೇವತೆ ಅಥೀನಾಳ ಹಬ್ಬದ ಮೆರವಣಿಗೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ದೇವಿಗೆ ಉಡಿಸಲು ಊರಿನ ಹೆಣ್ಣುಮಕ್ಕಳು ನೇಯ್ದ ಸೀರೆಯಂಥ ವಸ್ತ್ರವೂ ಪೂರ್ವದ ಗೋಡೆಯಲ್ಲಿದೆ, ಸಾಲಾಗಿ ನಡೆಯುವ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ ಬನಶಂಕರಿ ಜಾತ್ರೆಗೆ ಹೋದವರಿಗೆ ಅರ್ಥವಾಗದ್ದೇನೂ ಅದರಲ್ಲಿಲ್ಲ.

ಲಾರ್ಡ್ ಎಲ್ಗಿನ್ ಎಂಬ ಬ್ರಿಟಿಷ್ ರಾಯಭಾರಿ 1801ರಿಂದ ಈ ಗುಡಿಯ ಶಿಲ್ಪಗಳನ್ನು ಬಿಚ್ಚಿ ಸಾಗಿಸಿದ್ದು, 1816ರಲ್ಲಿ ಅವನ್ನು ಬ್ರಿಟಿಷ್ ಸರ್ಕಾರ ಕೊಂಡದ್ದು, ಗ್ರೀಸ್ ಇವತ್ತಿಗೂ ವಾಪಸು ಕೇಳುತ್ತಿರುವುದು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ನನಗೆ ಆ ಕಥೆಗಿಂತ ಅದರ ಪಕ್ಕದ ಕಥೆ ಮುಖ್ಯ. ಪಶ್ಚಿಮ ಗೋಡೆಯ ಪಟ್ಟಿಕೆಯಲ್ಲಿ ಎರಡು ಕಲ್ಲು ಬಿಟ್ಟು ಉಳಿದವನ್ನು ಎಲ್ಗಿನ್ ಕೀಳಲಿಲ್ಲ, ಅವುಗಳ ಮೇಲೆ ಅಚ್ಚು ತೆಗೆಸಿದ, 1802ರ ಹೊತ್ತಿಗೆ. ಕಲ್ಲುಗಳು ಗುಡಿಯ ಮೇಲೆಯೇ ಉಳಿದವು. ಅಥೆನ್ಸ್ ಬೆಳೆಯಿತು, ಗಾಡಿಗಳ ಹೊಗೆ ಬಂತು, ಆಮ್ಲದ ಮಳೆ ಬಂತು. 1993ರಲ್ಲಿ ಕೊನೆಗೂ ಕೆಳಗಿಳಿಸುವ ಹೊತ್ತಿಗೆ ಸವಾರರ ಮುಖಗಳು ಸವೆದುಹೋಗಿದ್ದವು. ಎಲ್ಗಿನ್‌ನ ಕಾಲದ ಪಡಿಯಚ್ಚಿನಲ್ಲಿ ಮಾತ್ರ ಆ ವಿವರಗಳು ಹಾಗೇ ಇವೆ. ಮೂಲ ಮರೆತದ್ದನ್ನು ನಕಲು ನೆನಪಿಟ್ಟುಕೊಂಡಿದೆ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಅತ್ತೆಯ ಮಾತು, ಅಂದರೆ ಅವರ ಭಾಷೆ. ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಬೇಲೂರು ತಾಲ್ಲೂಕಿನ ನನ್ನ ತವರಿಗೆ ಹೋಗಿದ್ದೆ. ಅವಳ ಕನ್ನಡ ಗೊತ್ತಲ್ಲ, ಧಾರವಾಡದ ಅಜ್ಜಿಯದು, ಹಾಸನದ ಅಮ್ಮನದು, ಮಧ್ಯೆ ಒಂದು ಹಿಡಿ ಮರಾಠಿ. ನಮ್ಮ ದಾಯಾದಿಯೊಬ್ಬ ಎಲ್ಲರೆದುರು ನಕ್ಕು, "ಬಾಂಬೆಯವರದ್ದು ಡೂಪ್ಲಿಕೇಟ್ ಕನ್ನಡ ಕಣೇ" ಎಂದ. ಎಂಟು ವರ್ಷದ ಹುಡುಗಿ ಆಮೇಲೆ ಎರಡು ದಿನ ಅಲ್ಲಿ ಯಾರೊಂದಿಗೂ ಕನ್ನಡದಲ್ಲಿ ಮಾತಾಡಲಿಲ್ಲ. ನನಗೆ ಎಷ್ಟು ಸಂಕಟವಾಯಿತೆಂದರೆ, ವಾಪಸು ಬರುವಾಗ ಗಾಡಿಯಲ್ಲಿ ನಿದ್ದೆ ಬರಲಿಲ್ಲ. ಆದರೆ ಅದೇ ವರ್ಷ ಹುಬ್ಬಳ್ಳಿಯಿಂದ ಅತ್ತೆಯ ಅಣ್ಣನ ಮೊಮ್ಮಗಳು ಬಂದಾಗ ಅತ್ತೆ "ಅಡ್ಡಣಿಗಿ ತಾ" ಎಂದರು. ಹುಡುಗಿಗೆ ಗೊತ್ತಾಗಲಿಲ್ಲ. ನಮ್ಮ ಮಗಳು ಒಳಗೆ ಹೋಗಿ ತಟ್ಟೆ ಇಡುವ ಅಡ್ಡಣಿಗೆ ತಂದುಕೊಟ್ಟಳು. ಗಳಗಿ, ಹಗೇವು, ನಿಚ್ಚಣಿಕಿ, ಈ ಮಾತುಗಳೆಲ್ಲ 70ರ ದಶಕದಲ್ಲಿ ಟ್ರಂಕಿನ ಜೊತೆ ಬಂದು ಡೊಂಬಿವಲಿಯ ಚಾಳಿನಲ್ಲಿ ಹೊಗೆ ತಾಗದೆ ಉಳಿದವು. ಧಾರವಾಡದ ಕಾಳು ತುಂಬುವ ಹಗೇವನ್ನು ನಮ್ಮ ಮಗಳು ನೋಡಿಲ್ಲ, ನೋಡುವುದೂ ಇಲ್ಲ. ಹೆಸರು ಮಾತ್ರ ಬಾಯಲ್ಲಿದೆ.

ಅದೇ ಪ್ರವಾಸದಲ್ಲಿ ಅವಳನ್ನು ಹಲ್ಮಿಡಿಗೆ ಕರೆದೊಯ್ದಿದ್ದೆ. ಕನ್ನಡದ ಮೊದಮೊದಲ ಶಾಸನ ಸಿಕ್ಕಿದ ಊರು, 1936ರಲ್ಲಿ ಬೆಳಕಿಗೆ ಬಂದದ್ದು, ಕ್ರಿ.ಶ. 450ರ ಸುಮಾರಿನದು ಎಂದು ಶಾಲೆಯಲ್ಲಿ ಓದಿದ್ದೇವೆ. ಅದಕ್ಕಿಂತ ಹಳೆಯದು ತಾಳಗುಂದದ್ದು ಎಂಬ ವಾದ ಈಗ ಬಂದಿದೆ, ಇರಲಿ. ಊರಿನಲ್ಲಿ ಮಂಟಪ ಕಟ್ಟಿ ನಿಲ್ಲಿಸಿರುವುದು ಫೈಬರ್‌ಗ್ಲಾಸಿನ ಪ್ರತಿಕೃತಿ. ಮೂಲ ಕಲ್ಲು ಮೈಸೂರಿನಲ್ಲಿದೆ. ಮಗಳು ಕೈಯಿಟ್ಟು, "ಅಮ್ಮಾ, ಇದೂ ಡೂಪ್ಲಿಕೇಟಾ?" ಎಂದಳು. ಆ 'ಇದೂ' ನನಗೆ ಚುಚ್ಚಿತು.

ಆಗ ಅವಳಿಗೆ ಹೆಗೆಸೋಳ ಕಥೆ ಹೇಳಿದೆ. ಕ್ರಿ.ಪೂ. 400ರ ಸುಮಾರಿನ ಅಥೆನ್ಸ್‌ನ ಹೆಂಗಸು ಈಕೆ. ಸಮಾಧಿಗಲ್ಲಿನ ಮೇಲೆ ಅವಳ ಹೆಸರು ಕೆತ್ತಿದೆ: ಪ್ರೊಕ್ಸೆನೋಸನ ಮಗಳು ಹೆಗೆಸೋ. ಕುರ್ಚಿಯಲ್ಲಿ ಕೂತಿದ್ದಾಳೆ. ಎದುರಿಗೆ ಕೆಲಸದ ಹುಡುಗಿ ಒಡವೆ ಪೆಟ್ಟಿಗೆ ಹಿಡಿದು ನಿಂತಿದ್ದಾಳೆ. ಹೆಗೆಸೋ ಪೆಟ್ಟಿಗೆಯಿಂದ ಏನನ್ನೋ ಎತ್ತಿ ನೋಡುತ್ತಿದ್ದಾಳೆ. ಯುದ್ಧವಿಲ್ಲ, ದೇವರಿಲ್ಲ. ಮದುವೆಮನೆಗೆ ಹೊರಡುವ ಮುಂಚೆ ಯಾವ ಸರ ಹಾಕಿಕೊಳ್ಳಲಿ ಎಂದು ನೋಡುವ ನಮ್ಮ ನಿಮ್ಮ ಹಾಗೆ. ಎತ್ತಿದ ಕೈಬೆರಳುಗಳ ನಡುವೆ ಮಾತ್ರ ಏನೂ ಇಲ್ಲ. ಆ ಒಡವೆಯನ್ನು ಕೆತ್ತಿರಲಿಲ್ಲ, ಬಣ್ಣದಲ್ಲಿ ಬರೆದಿದ್ದರು. ಬಣ್ಣ ಹೋಯಿತು, ಒಡವೆ ಹೋಯಿತು, ನೋಡುವ ನೋಟ ಉಳಿದಿದೆ. ನಮ್ಮ ಮಾಸ್ತಿಗಲ್ಲುಗಳಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿ ನಿಂತಿರುತ್ತದೆ, ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೂ ಇರುವುದಿಲ್ಲ. ಹೆಗೆಸೋಳನ್ನು ನೋಡಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ ಎಂದರೆ ಸುಳ್ಳಲ್ಲ.

ಆ ಮೂಲ ಕಲ್ಲು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಅವಳನ್ನು ಹೂಳಿದ ಕೆರಾಮೈಕೋಸ್ ಎಂಬ ಸ್ಮಶಾನದಲ್ಲಿ ಈಗ ನಿಂತಿರುವುದು ಪ್ರತಿಕೃತಿ. ಅಂದರೆ ಹಲ್ಮಿಡಿಯ ವ್ಯವಸ್ಥೆಯೇ. ಕಲ್ಲು ನಿಜ, ಜಾಗ ಬೇರೆ. ಜಾಗ ನಿಜ, ಕಲ್ಲು ಬೇರೆ. ಅಥೆನ್ಸ್‌ನಲ್ಲಿ 2009ರಲ್ಲಿ ತೆರೆದ ಅಕ್ರೊಪೊಲಿಸ್ ಸಂಗ್ರಹಾಲಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪಾರ್ಥೆನಾನ್ ಪಟ್ಟಿಕೆಯನ್ನು ಅದರ ಕ್ರಮದಲ್ಲೇ ಜೋಡಿಸಿ, ತಮ್ಮಲ್ಲಿರುವ ಕಂದು ಬಣ್ಣಕ್ಕೆ ತಿರುಗಿದ ಮೂಲ ಕಲ್ಲುಗಳ ನಡುವೆ, ಲಂಡನ್ನಿನಲ್ಲಿರುವವಕ್ಕೆ ಬದಲಾಗಿ ಬಿಳಿ ಪ್ಲಾಸ್ಟರ್ ಪಡಿಯಚ್ಚು ಇಟ್ಟಿದ್ದಾರೆ. ಬಿಳಿ ಕಂಡಲ್ಲೆಲ್ಲ 'ಇದು ನಮ್ಮ ಹತ್ತಿರ ಇಲ್ಲ' ಎಂದು ಓದಿಕೊಳ್ಳಬಹುದು. ಮನೆಯ ಗ್ರೂಪ್ ಫೋಟೋದಲ್ಲಿ ಬಾರದವರ ಜಾಗ ಬಿಟ್ಟು ನಿಂತ ಹಾಗೆ.

ಇನ್ನು ನಮ್ಮ ಮುಂಬಯಿಗೆ ಬರೋಣ. ಸಿಎಸ್‌ಎಂಟಿಯಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆಗೆ ನಡೆದರೆ ಸರ್ ಜೆ.ಜೆ. ಕಲಾಶಾಲೆ ಸಿಗುತ್ತದೆ. ಜಮ್ಷೆಟ್‌ಜಿ ಜೀಜೀಭಾಯ್ ಎಂಬ ಪಾರ್ಸಿ ವ್ಯಾಪಾರಿ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಶುರುವಾಯಿತು, 2023ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪಾಠಕ್ರಮವೇ ಇಲ್ಲಿಗೂ ಬಂತು. ಅಂದರೆ ಮೊದಲು ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಪಡಿಯಚ್ಚನ್ನು ಎದುರಿಟ್ಟುಕೊಂಡು ಬೆಳಕು ನೆರಳಿನ ಚಿತ್ರ ತೆಗೆಯಬೇಕು. ಅದಕ್ಕೆ 'ಆಂಟಿಕ್' ತರಗತಿ ಎಂದೇ ಹೆಸರು. ಕೊಂಕಣದಿಂದ, ಕೊಲ್ಹಾಪುರದಿಂದ, ಧಾರವಾಡದಿಂದ, ಉಡುಪಿಯಿಂದ ಬಂದ ಹುಡುಗರು ಅಪೊಲೋನ ಮೂಗು, ವೀನಸ್ಸಿನ ಭುಜ ತೀಡಿ ತೀಡಿ ಕಣ್ಣು ಪಳಗಿಸಿಕೊಂಡರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1930ರ ದಶಕದಲ್ಲಿ ಇಲ್ಲಿ ಕಲಿತರು, ಆಮೇಲೆ ಇಲ್ಲೇ ಕಲಿಸಿದರು. ಅವರ ಕುಣಿಯುವ ರೇಖೆಗಳಲ್ಲಿ ನೃತ್ಯವಿದೆ, ಊರಿನ ಯಕ್ಷಗಾನದ ಗತ್ತಿದೆ, ಪ್ಲಾಸ್ಟರಿನ ಅಪೊಲೋ ಇಲ್ಲ. ಆದರೂ ಅಕಾಡೆಮಿಕ್ ಶೈಲಿಯಲ್ಲಿ ಕೈ ಪಳಗಿದ್ದರಿಂದಲೇ ಅದನ್ನು ಬಿಡುವುದೂ ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ. ಹೆಣ್ಣುಮಕ್ಕಳೂ ಬಂದರು. ಪ್ರಸಿದ್ಧ ಚಿತ್ರಕಾರ ಧುರಂಧರರ ಮಗಳು ಅಂಬಿಕಾ ಧುರಂಧರ್ 1930ರ ದಶಕದ ಆರಂಭದಲ್ಲೇ ಇಲ್ಲಿಂದ ಡಿಪ್ಲೊಮಾ ಪಡೆದರು.

ಕಲ್ಕತ್ತೆಯಲ್ಲಿ ಇದೇ ಪಡಿಯಚ್ಚುಗಳ ಮೇಲೆ ಜಗಳವೇ ಆಯಿತು. 1896ರಲ್ಲಿ ಅಲ್ಲಿನ ಕಲಾಶಾಲೆಗೆ ಬಂದ ಹ್ಯಾವೆಲ್ ಎಂಬ ಆಂಗ್ಲ, ಭಾರತೀಯರಿಗೆ ಗ್ರೀಕ್ ಏಕೆ, ಅಜಂತಾ ಇಲ್ಲವೇ, ಮೊಘಲ್ ಚಿತ್ರ ಇಲ್ಲವೇ ಎಂದು ಪಡಿಯಚ್ಚುಗಳನ್ನು ತೆಗೆಸಿಹಾಕಿದ. ನಮ್ಮ ಹುಡುಗರೇ ಸಿಟ್ಟಾದರು. ನಮಗೆ ಕಡಿಮೆ ದರ್ಜೆಯ ವಿದ್ಯೆ ಕೊಡುತ್ತಿದ್ದಾನೆ ಎಂದು ಹೊರನಡೆದವರು ಬೇರೆ ಶಾಲೆಯನ್ನೇ ತೆರೆದರು. ಇಂಗ್ಲಿಷ್ ಮೀಡಿಯಂ ಬೇಕೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ನಡೆಯುವ ಜಗಳದ ಅಜ್ಜ ಇದು. ಎರಡೂ ಪಕ್ಷಕ್ಕೂ ಸ್ವಲ್ಪ ಸ್ವಲ್ಪ ನ್ಯಾಯವಿದೆ.

ಮುಂಬಯಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಗ್ರೀಕ್ ಪಡಿಯಚ್ಚು ಒಳಗೆ ಬರುತ್ತಿದ್ದ ಅದೇ ಕಾಲದಲ್ಲಿ ಅದೇ ಶಾಲೆಯ ತಂಡ ಪ್ಲಾಸ್ಟರ್ ಹೊತ್ತು ನಮ್ಮ ಕಡೆಗೆ ಬಂತು. 1868ರಲ್ಲಿ ದೇಶದ ಹಳೆಯ ಕಟ್ಟಡಗಳ ನಕ್ಷೆ, ಫೋಟೋ, ಅಚ್ಚು ತೆಗೆಸಬೇಕೆಂದು ಸರ್ಕಾರ ಹೊರಟಾಗ, ಬಾಂಬೆ ಪ್ರಾಂತ್ಯದಲ್ಲಿ ಆರಿಸಿದ್ದು ಅಂಬರನಾಥದ ಶಿವಾಲಯ. ದಿವಾದಿಂದ ಏಳನೆಯ ಸ್ಟೇಷನ್. ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ, ವಿಠ್ಠಲವಾಡಿ, ಉಲ್ಲಾಸನಗರ, ಅಂಬರನಾಥ. ಕಲಾಶಾಲೆಯವರು ಅಲ್ಲಿ ಬಿಡಾರ ಹೂಡಿ ಗೋಡೆಯ ಉಬ್ಬುಶಿಲ್ಪಗಳ ಅಚ್ಚು ತೆಗೆದರು. ಅದೇ ಹೊತ್ತಿನಲ್ಲಿ ಒಡಿಶಾದ ಗುಡಿಗಳ ಅಧ್ಯಯನಕ್ಕೆ ರಾಜೇಂದ್ರಲಾಲ್ ಮಿತ್ರರ ಜೊತೆ ಅಚ್ಚು ತೆಗೆಯುವವರು ಹೋದರು. ಮುಂದೆ ಸಾಂಚಿಯ ಪೂರ್ವದ ತೋರಣದ್ವಾರವನ್ನೇ ಪ್ಲಾಸ್ಟರಿನಲ್ಲಿ ಇಳಿಸಿ ಲಂಡನ್, ಪ್ಯಾರಿಸ್, ಬರ್ಲಿನ್‌ಗೆ ಕಳಿಸಿದರು. ನಮ್ಮ ಹುಡುಗರಿಗೆ ಅವರ ದೇವರ ಮೂಗು, ಅವರ ಊರಿನವರಿಗೆ ನಮ್ಮ ಗುಡಿಯ ಗೋಡೆ. ಯಾರು ಯಾವುದರ ನಕಲು ನೋಡಬೇಕು ಎಂದು ತೀರ್ಮಾನಿಸಿದವರು ಮಾತ್ರ ಒಬ್ಬರೇ. ನನ್ನ ತಕರಾರು ನಕಲಿನ ಮೇಲಲ್ಲ, ಅಷ್ಟರ ಮೇಲೆ.

ಅಂಬರನಾಥದ ಗುಡಿ ಶಿಲಾಹಾರರ ಕಾಲದ್ದು. ಬಾಗಿಲ ಮೇಲಿನ ಶಾಸನದಲ್ಲಿ ಶಕ 982, ಅಂದರೆ 1060ರ ಕಾಲಮಾನವಿದೆ, ಮಾಮ್ವಾಣಿ ರಾಜನ ಹೆಸರಿದೆ. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು. ಬೊರಿವಲಿ ಪಕ್ಕದ ಕಾನ್ಹೇರಿ ಗುಹೆಯ ಶಾಸನಗಳಲ್ಲಿ ಅಮೋಘವರ್ಷನ ಹೆಸರೇ ಇದೆ, ನಮ್ಮ 'ಕವಿರಾಜಮಾರ್ಗ'ದ ನೃಪತುಂಗ. ಶಿಲಾಹಾರರ ಬಿರುದುಗಳನ್ನು ನೋಡಿ: ಗಂಡರಗಂಡ, ನನ್ನಿಸಮುದ್ರ. ಠಾಣೆಯಲ್ಲಿ ಕೂತು ಆಳಿದ ರಾಜರ ಹೆಸರಿನ ಜೊತೆ ಅಚ್ಚಕನ್ನಡ. ಇಲ್ಲಿ ಕನ್ನಡದವರು ನಿನ್ನೆ ಮೊನ್ನೆ ಬಂದವರು ಎನ್ನುವವರಿಗೆ ಬೇಕಾದರೆ ಹೇಳಿ, ಜಗಳಕ್ಕಲ್ಲ, ಮಾತಿಗೆ.

ಗುಡಿ ಕರಿಕಲ್ಲಿನದು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ಇಂಚಿಂಚಿನಲ್ಲೂ ಶಿಲ್ಪ, ಅದರಲ್ಲಿ ಎಷ್ಟೋ ಹೆಂಗಸರು. ನಾನು ಮೊದಲ ಸಲ ಹೋದಾಗ ಕೆಲವು ಮುಖಗಳ ಮುಂದೆ ನಿಂತು ಕಣ್ಣು ಯಾವುದು ಬಾಯಿ ಯಾವುದು ಎಂದು ಹುಡುಕಿದೆ. ಸುಮಾರು 960 ವರ್ಷದ ಮಳೆ, ಪಕ್ಕದಲ್ಲೇ ವಾಲಧುನಿ ನದಿ, ಅದರ ವಾಸನೆ ಅಲ್ಲಿ ಇಳಿದವರಿಗೆಲ್ಲ ಗೊತ್ತು. ಅಥೆನ್ಸ್‌ನ ಪಶ್ಚಿಮ ಗೋಡೆ ನೆನಪಾಯಿತು.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರುತ್ತದೆ, ಕಾರ್ಯದರ್ಶಿಯವರಿಗೂ ಸಮಾಧಾನವಾಗಲಿ. ಈಗ ಕಲ್ಲನ್ನು ಮುಟ್ಟದೆಯೇ ಅಚ್ಚು ತೆಗೆಯಬಹುದು. ಸ್ಕ್ಯಾನರ್ ಬೆಳಕು ಬೀರಿ ಕಲ್ಲಿನ ಮೈಯ ಒಂದೊಂದು ಬಿಂದು ಎಲ್ಲಿದೆ ಎಂದು ಅಳೆಯುತ್ತದೆ. ಲಕ್ಷಾಂತರ ಬಿಂದುಗಳು. ಚುಕ್ಕಿ ರಂಗೋಲಿ ಎಂದುಕೊಳ್ಳಿ, ನೆಲದ ಮೇಲಿನ ಬದಲು ಗಾಳಿಯಲ್ಲಿ ಇಟ್ಟ ಚುಕ್ಕಿ. ಚುಕ್ಕಿ ಸೇರಿಸಿದರೆ ಆಕಾರ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಹೀಗೆ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ಹೊತ್ತಿಗೆ ಸಿಕ್ಕ, ಕಿತ್ತಯ್ಯನ ಹೆಸರಿರುವ ಕ್ರಿ.ಶ. 750ರ ಸುಮಾರಿನ ಕಲ್ಲು ಅಂಥವುಗಳ ಪೈಕಿ ಹೆಸರಾದದ್ದು. ಬರಿಗಣ್ಣಿಗೆ ಕಾಣದ ಅಕ್ಷರ ಪರದೆಯ ಮೇಲೆ ಬೆಳಕು ಓರೆಯಾಗಿ ಬೀಳಿಸಿದಾಗ ಎದ್ದು ನಿಲ್ಲುತ್ತದೆ. ಹಿಂದೆ ರೈಸ್ ಸಾಹೇಬರ ಕಾಲದಲ್ಲಿ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ತೆಗೆಯುತ್ತಿದ್ದರಲ್ಲ, ಅದರ ಮೊಮ್ಮಗಳು ಇದು.

ಆದರೆ ಐಟಿಯವಳಾಗಿ ಒಂದು ಸತ್ಯ ಹೇಳಬೇಕು. 1802ರ ಪ್ಲಾಸ್ಟರನ್ನು ಇವತ್ತು ಬರಿಗಣ್ಣಿನಲ್ಲಿ ನೋಡಬಹುದು. ನನ್ನ ಎಂ.ಟೆಕ್ ಪ್ರಾಜೆಕ್ಟು ಇದ್ದ ಸಿಡಿ ಮನೆಯಲ್ಲಿದೆ, ತೆರೆಯಲು ಡ್ರೈವ್ ಇಲ್ಲ, ಡ್ರೈವ್ ತಂದರೆ ಫೈಲನ್ನು ಗುರುತಿಸುವ ಸಾಫ್ಟ್‌ವೇರ್ ಇಲ್ಲ. ಫೈಲು ಉಳಿಯಬೇಕಾದರೆ ಯಾರಾದರೂ ಹತ್ತು ವರ್ಷಕ್ಕೊಮ್ಮೆ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುತ್ತಲೇ ಇರಬೇಕು. ಮೊಸರಿನ ಹೆಪ್ಪಿನ ಹಾಗೆ, ಒಂದು ದಿನ ತಪ್ಪಿದರೆ ಪಕ್ಕದ ಮನೆಗೆ ಹೋಗಬೇಕು.

ಇನ್ನೊಂದು ತಪ್ಪೊಪ್ಪಿಗೆ. ಹೋದ ಗೌರಿ ಹುಣ್ಣಿಮೆಗೆ ಅತ್ತೆಗೆ ಆಶ್ಚರ್ಯ ಮಾಡೋಣವೆಂದು ನಾನು ಆ ಅರ್ಧ ಅಚ್ಚನ್ನು ಸ್ಕ್ಯಾನ್ ಮಾಡಿದೆ. ಕಂಪ್ಯೂಟರಿನಲ್ಲಿ ಕನ್ನಡಿ ಹಿಡಿದ ಹಾಗೆ ತಿರುಗಿಸಿ ಕಳೆದುಹೋದ ಹೋಳನ್ನು ಸೃಷ್ಟಿಸಿದೆ. 3ಡಿ ಪ್ರಿಂಟ್ ಮಾಡಿಸಿ ಎರಡನ್ನೂ ಜೋಡಿಸಿದರೆ ಕೂದಲೆಳೆ ಸಂದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಿಂಗ ಇರಲಿಲ್ಲವಾ ಇದು. ಆ ಮಗ್ಗಲಾ ಆನಿ ಕಾಲಾಗ ಗಂಟಿ ಇತ್ತು, ಈ ಮಗ್ಗಲಾ ಗೆಜ್ಜಿ. ಬಡಿಗ್ಯಾ ಬ್ಯಾರೆ ಬ್ಯಾರೆ ಕೆತ್ತಿದ್ದಾ." ಎರಡೂ ಕಡೆ ಒಂದೇ ಇರಬೇಕಲ್ಲವೇ ಅತ್ತೆ ಎಂದೆ. "ಎಡಕ್ಕ ಇದ್ದದ್ದ ಬಲಕ್ಕ ಇರಬೇಕು ಅಂತ ಎಲ್ಲಿ ಬರದೈತಿ?" ಎಂದರು. ಐವತ್ತು ವರ್ಷ ಆ ಆನೆಯನ್ನು ತೊಳೆದು ಒರೆಸಿದ ಕೈಗೆ ಗೊತ್ತಿದ್ದದ್ದು ನನ್ನ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ನಾನು ಮಾಡಿದ್ದು ಪಡಿಯಚ್ಚಲ್ಲ, ಊಹೆ. ಕಲ್ಲಿಗೆ, ಕಟ್ಟಿಗೆಗೆ ತಾಗಿ ಬಂದದ್ದು ಪಡಿಯಚ್ಚು. ಈಗ ಎಐ ಮುರಿದ ಮೂಗು ತುಂಬಿಕೊಡುತ್ತದೆ, ಸವೆದ ಮುಖ ತಿದ್ದಿಕೊಡುತ್ತದೆ, ಆಗೆಲ್ಲ ನನಗೆ ಆ ಗಂಟೆ ನೆನಪಾಗುತ್ತದೆ.

ಆದರೂ ಹಟ ಬಿಡದೆ ಪಾಕ ಸುರಿದೆ. ಪ್ರಿಂಟಿಗೆ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ. ಸಕ್ಕರೆ ಪಾಕ 110 ಡಿಗ್ರಿಯ ಮೇಲೆ. ಇದನ್ನು ಓದಿಯೇ ಪರೀಕ್ಷೆ ಬರೆದವಳು ನಾನು, ಅಡುಗೆಮನೆಯಲ್ಲಿ ಮರೆತೆ. ಆನೆಯ ಒಂದು ಮಗ್ಗುಲು ಕುಸಿದು ಸ್ಟೌ ಕಟ್ಟೆಯ ಮೇಲೆ ಹರಿಯಿತು. ಅತ್ತೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಈಗ ಮುಂದಿನ ಸಾಲಿನಲ್ಲಿ ಕೂತು ಮತ್ತೆ ನಗುತ್ತಿದ್ದಾರೆ, ನೋಡಿ. ಈ ವರ್ಷವೂ ನಮ್ಮ ಮನೆಯಲ್ಲಿ ಒಂದೇ ಮಗ್ಗುಲಿನ ಆನೆಯೇ. ಆದರೆ ಅತ್ತೆ ಹೇಳಿದ ಆ ಗಂಟೆಯನ್ನು ಮಗಳ ಕೈಯಲ್ಲಿ ನೋಟುಪುಸ್ತಕದಲ್ಲಿ ಬರೆಸಿಟ್ಟಿದ್ದೇನೆ, ಅಜ್ಜಿ ಹೇಳಿದ ಹಾಗೆ ಚಿತ್ರ ಸಮೇತ.

ಕೊನೆಯದಾಗಿ ಒಂದು ಸೂಚನೆ. ಮುಂದಿನ ತಿಂಗಳ ಮೊದಲ ಭಾನುವಾರ ಮಹಿಳಾ ವಿಭಾಗದಿಂದ ಅಂಬರನಾಥಕ್ಕೆ ಹೋಗೋಣ ಎಂದು ಮಾತಾಗಿದೆ. ಶಿವರಾತ್ರಿಯ ದಿನ ಬೇಡ, ಆ ನೂಕುನುಗ್ಗಲಿನಲ್ಲಿ ಗೋಡೆ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಹೊರಡಬೇಕು, ಓರೆ ಬಿಸಿಲಿನಲ್ಲಿ ಸವೆದ ಶಿಲ್ಪವೂ ಸ್ವಲ್ಪ ಎದ್ದು ಕಾಣುತ್ತದೆ. ದಿವಾದಲ್ಲಿ ಅಂಬರನಾಥ ಅಥವಾ ಬದ್ಲಾಪುರ ಲೋಕಲ್ ಹತ್ತುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ, ಭಾನುವಾರ ಮೆಗಾ ಬ್ಲಾಕ್ ಇದೆಯೇ ಎಂದು ಹಿಂದಿನ ದಿನ ನೋಡಿಕೊಳ್ಳಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಒಂದು ಶಿಲ್ಪದ ಸುತ್ತ ಐವತ್ತು ಅರವತ್ತು ಫೋಟೋ ಹಂತಹಂತವಾಗಿ ತೆಗೆದರೆ ಅದರಿಂದಲೇ 3ಡಿ ಆಕಾರ ಕಟ್ಟಬಹುದು, ಹೇಗೆ ಎಂದು ಅಲ್ಲಿ ತೋರಿಸುತ್ತೇನೆ. ಕಲ್ಲನ್ನು ಮುಟ್ಟುವ ಅಗತ್ಯವಿಲ್ಲ, ಕುಂಕುಮ ಹಚ್ಚುವ ಅಗತ್ಯವೂ ಇಲ್ಲ. ತಿಂಡಿಗೆ ಅವಲಕ್ಕಿ ನಾನು ತರುತ್ತೇನೆ. ಚಟ್ನಿಪುಡಿ ಯಾರಾದರೂ ಹೇಳಿ.